ಸಿಕ್ಸ್ ಬೈ ಸಿಕ್ಸ್ ಸಂಜೀವಣ್ಣ

ಕೊರೊನಾದ ಅಬ್ಬರ ಇಳಿದು, ಉಡುಪಿಯ ಖಾಸಗಿ ಬಸ್ಸುಗಳು ಮತ್ತೆ ಜನ ತುಂಬಿಕೊಂಡು ಓಡತೊಡಗಿದ್ದ ವರ್ಷ ಅದು. ನಾನು ಮಣಿಪಾಲದ ಆಸ್ಪತ್ರೆಯೊಂದರ ಕಣ್ಣಿನ ವಿಭಾಗದಲ್ಲಿ ಹಿರಿಯ ಆಪ್ಟೊಮೆಟ್ರಿಸ್ಟ್ ಆಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆಪ್ಟೊಮೆಟ್ರಿಸ್ಟ್ ಎಂದರೆ ಕಣ್ಣಿನ ಡಾಕ್ಟರ್ ಅಲ್ಲ, ಕನ್ನಡಕ ಮಾರುವವರೂ ಅಲ್ಲ. ದೃಷ್ಟಿ ಎಷ್ಟಿದೆ, ಎಲ್ಲಿ ಕೊರತೆ ಇದೆ ಎಂದು ಅಳೆಯುವವರು. ಚಿಕಿತ್ಸೆ ವೈದ್ಯರದು, ಅದಕ್ಕೆ ಮೊದಲಿನ ಅಳತೆ ನಮ್ಮದು. ಮೂವತ್ತು ವರ್ಷ ಇದನ್ನು ವಿವರಿಸಿ ವಿವರಿಸಿ ಬಾಯಿ ನೋಯಿಸಿಕೊಂಡಿದ್ದೇನೆ. ಆದರೂ ಕೊನೆಯವರೆಗೆ ಅರ್ಧ ಊರಿಗೆ ನಾನು ಡಾಕ್ಟ್ರಕ್ಕ, ಉಳಿದ ಅರ್ಧಕ್ಕೆ ಕನ್ನಡಕದ ಮೇಡಂ.

ನಾನು ಹುಟ್ಟಿದ್ದು ದಾವಣಗೆರೆಯ ಕಡೆ. ಮದುವೆಯಾಗಿ ಬೆಳ್ಮಣ್‌ಗೆ ಬಂದವಳು. ತುಳು ಕಿವಿಗೆ ಹತ್ತಿತು, ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ಇಲ್ಲಿನವರು ನನ್ನೆದುರು ಪಾಠಪುಸ್ತಕದಂಥ ಕನ್ನಡ ಮಾತಾಡಿ, ಆಮೇಲೆ ತುಳುವಿನಲ್ಲಿ ನಗುತ್ತಾರೆ. ನಗಲಿ. ಬೆಳಿಗ್ಗೆ ಬೆಳ್ಮಣ್‌ನಲ್ಲಿ ಬಸ್ಸು ಹತ್ತಿ, ಪಡುಬಿದ್ರಿ, ಕಾಪು ದಾಟಿ ಉಡುಪಿಗೆ ಬಂದು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು ಹಿಡಿಯುವುದು ನನ್ನ ದಿನಚರಿ. ಕಾರ್ಕಳದಿಂದ ಉಡುಪಿಗೆ ಹೋಗುವ ಆ ಬಸ್ಸಿನ ಚಾಲಕರು ಸಂಜೀವಣ್ಣ, ಮುಂದಿನ ಬಾಗಿಲಿನ ಕಂಡಕ್ಟರ್ ಹಮೀದ್. ಈ ಕಥೆ ಅವರಿಬ್ಬರದು.

ಸಂಜೀವಣ್ಣ ಕಾಪುವಿನ ಮೀನುಗಾರರ ಮನೆಯವರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಹಾಕಿದ ಖಾಕಿ, ಹಣೆಯಲ್ಲಿ ಗಂಧ. ಕುಡಿತ ಇಲ್ಲ, ಬೀಡಿ ಇಲ್ಲ, ಇನ್ನೊಂದು ಬಸ್ಸಿನೊಂದಿಗೆ ಪೈಪೋಟಿಗೆ ಬಿದ್ದು ಹಾರಿಸಿಕೊಂಡು ಹೋಗುವ ಚಾಳಿ ಇಲ್ಲ. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಕುಳಿತು ಪ್ರಾಣ ಕೈಯಲ್ಲಿ ಹಿಡಿದುಕೊಂಡವರಿಗೆ ಅವರ ಬೆಲೆ ಗೊತ್ತಾಗುತ್ತದೆ. ಹಮೀದ್ ಪಡುಬಿದ್ರಿಯ ಬ್ಯಾರಿ ಹುಡುಗ. ಹುಡುಗ ಎಂದೆ, ನಲವತ್ತು ಆಗಿತ್ತೇನೋ. ಹತ್ತು ವರ್ಷ ಗಲ್ಫ್‌ನಲ್ಲಿ ಅಂಗಡಿಯೊಂದರಲ್ಲಿ ಇದ್ದವನು, ಕೊರೊನಾದಲ್ಲಿ ಕೆಲಸ ಹೋಗಿ ಬರಿಗೈಯಲ್ಲಿ ಬಂದ. ಸಂಜೀವಣ್ಣ ಅವನನ್ನು ಬಸ್ಸಿನ ಧಣಿಯ ಬಳಿ ಕರೆದುಕೊಂಡು ಹೋಗಿ, ‘ಇವನ ಜವಾಬ್ದಾರಿ ನನ್ನದು’ ಎಂದು ಕೆಲಸ ಕೊಡಿಸಿದರು. ಧಣಿ ಎಂದರೆ ಮಾಲೀಕರು, ಇಲ್ಲಿ ಬಸ್ಸಿನವರೆಲ್ಲ ಹಾಗೆಯೇ ಕರೆಯುವುದು.

ಹಮೀದ್‌ನ ವಿಸಿಲ್ ನನಗೆ ದೊಡ್ಡ ಕಿರಿಕಿರಿ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಇದು ಎಲ್ಲ ಬಸ್ಸಿನ ಲೆಕ್ಕ. ಇವನು ಹಾಗಲ್ಲ. ಬಸ್ಸು ಓಡುತ್ತಿರುವಾಗಲೂ ಊದುತ್ತಿದ್ದ. ಫುಟ್‌ಬೋರ್ಡಿನ ಮೇಲೆ ನಿಂತು, ಕತ್ತು ಹೊರಗೆ ಚಾಚಿ, ಒಮ್ಮೆ ಚಿಕ್ಕದಾಗಿ, ಒಮ್ಮೆ ಉದ್ದಕ್ಕೆ, ಒಮ್ಮೆ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು. ಟಿಕೆಟ್ ಹರಿಯುವ ಕೆಲಸವನ್ನೆಲ್ಲ ಹಿಂದಿನ ಬಾಗಿಲಿನವನಿಗೆ ಬಿಟ್ಟು ಇವನು ಮುಂದೆಯೇ ಜೋತುಬಿದ್ದಿರುತ್ತಿದ್ದ. ಒಂದು ದಿನ ತಾಳ್ಮೆಗೆಟ್ಟು ಕೇಳಿಯೇಬಿಟ್ಟೆ.

“ಹಮೀದ್, ಇದೇನು ಬಸ್ಸೋ ಬ್ಯಾಂಡ್‌ಸೆಟ್ಟೋ?”

“ಎಂತ ಮಾಡುದು ಅಕ್ಕ, ಬಾಯಿ ಸುಮ್ಮನೆ ಕೂರುದಿಲ್ಲ,” ಎಂದು ನಕ್ಕ. ಸಂಜೀವಣ್ಣ ಮಾತ್ರ ನಗಲಿಲ್ಲ. ಅವತ್ತು ಅದು ನನಗೆ ವಿಶೇಷ ಅನಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಉಡುಪಿಯ ಬಸ್‌ಸ್ಟ್ಯಾಂಡ್ ಪಕ್ಕದ ಒಂದು ಸಭಾಭವನದಲ್ಲಿ ಬಸ್ ನೌಕರರ ಕಣ್ಣು ತಪಾಸಣೆ ಶಿಬಿರ ನಡೆಯಿತು. ನಮ್ಮ ವಿಭಾಗದಿಂದ ನಾನು ಮತ್ತು ಇಬ್ಬರು ಕಿರಿಯರು ಹೋಗಿದ್ದೆವು. ಶಿಬಿರದಲ್ಲಿ ಕೆಲಸ ಹೇಗೆಂದರೆ, ಗೋಡೆಯ ಮೇಲೆ ಅಕ್ಷರಗಳ ಚಾರ್ಟ್, ಆರು ಮೀಟರ್ ದೂರದಲ್ಲಿ ಕುರ್ಚಿ. ಒಳ್ಳೆಯ ಕಣ್ಣಿಗೆ ಆರು ಮೀಟರ್‌ನಿಂದ ಕಾಣಬೇಕಾದ ಸಾಲು ನಿಮಗೂ ಆರು ಮೀಟರ್‌ನಿಂದ ಕಂಡರೆ ನಿಮ್ಮ ದೃಷ್ಟಿ ಸಿಕ್ಸ್ ಬೈ ಸಿಕ್ಸ್. ಜನ ಇದನ್ನು ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಂತೆ ತಿಳಿಯುತ್ತಾರೆ. ಅದು ನೂರಕ್ಕೆ ನೂರು ಅಲ್ಲ. ನೇರ ಎದುರಿಗೆ ಇರುವ ಒಂದು ಚಿಕ್ಕ ಜಾಗದಲ್ಲಿ ಕಣ್ಣು ಎಷ್ಟು ಚುರುಕು ಎಂಬ ಲೆಕ್ಕ ಮಾತ್ರ.

ಸಂಜೀವಣ್ಣ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಣ್ಣು ಮುಚ್ಚಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಅತಿ ಸಣ್ಣ ಸಾಲನ್ನೂ ಬಿಡಲಿಲ್ಲ. ಸುತ್ತ ಇದ್ದ ಚಾಲಕರು ಚಪ್ಪಾಳೆ ತಟ್ಟಿದರು. “ಸಿಕ್ಸ್ ಬೈ ಸಿಕ್ಸ್ ಸಂಜೀವಣ್ಣ!” ಎಂದು ಯಾರೋ ಕೂಗಿದರು. ನಾನೂ ನಕ್ಕು, ಸಹಿ ಮಾಡಲಿ ಎಂದು ಅವರ ಎಡಗಡೆಯಿಂದ ಪೆನ್ನು ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ. ನನ್ನ ಕೈ ಅವರ ಭುಜದಿಂದ ಒಂದು ಗೇಣು ದೂರದಲ್ಲಿತ್ತು. ಪೆನ್ನು ಆಡಿಸಿದೆ. ಅವರು ಎದುರಿನ ಚಾರ್ಟ್ ನೋಡುತ್ತ ಕುಳಿತೇ ಇದ್ದರು, ಮುಖದಲ್ಲಿ ಹೊಗಳಿಕೆಯ ನಗೆ. ಆಗ ಹಿಂದೆ ನಿಂತಿದ್ದ ಹಮೀದ್ ಮೆಲ್ಲಗೆ, “ಪೆನ್ನು ಸಂಜೀವಣ್ಣ, ಎಡಕ್ಕೆ” ಎಂದ. ಅವರು ತಟ್ಟನೆ ತಲೆ ತಿರುಗಿಸಿ ಪೆನ್ನು ಹಿಡಿದರು.

ತಿಂಗಳುಗಟ್ಟಲೆ ನನ್ನ ಕಿವಿ ಕೊರೆದ ಆ ವಿಸಿಲ್‌ಗಳೆಲ್ಲ ಒಮ್ಮೆಲೇ ಅರ್ಥವಾದವು. ಚಿಕ್ಕದು ಎಡಕ್ಕೆ, ಉದ್ದದ್ದು ಬಲಕ್ಕೆ, ತಗಡಿಗೆ ಬಡಿದರೆ ಹತ್ತಿರದಲ್ಲೇ ಯಾರೋ ಇದ್ದಾರೆ. ಆ ಬಸ್ಸಿನಲ್ಲಿ ನಾನೂ ಇದ್ದೆನಲ್ಲ, ದಿನಾ, ಮುಂದಿನ ಸೀಟಿನಲ್ಲೇ.

ಅವರನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ ಎದುರುಬದುರು ಕುಳಿತೆ. ನನ್ನ ಮೂಗನ್ನೇ ನೋಡುತ್ತಿರಲು ಹೇಳಿ, ನನ್ನ ಬೆರಳನ್ನು ಬದಿಯಿಂದ ಒಳಕ್ಕೆ ತಂದೆ. ಓದುಗರು ಈಗಲೇ ಮಾಡಿ ನೋಡಬಹುದು: ನೇರ ನೋಡುತ್ತ ಎರಡೂ ಕೈಗಳನ್ನು ಅಕ್ಕಪಕ್ಕ ಚಾಚಿ ಬೆರಳು ಆಡಿಸಿ. ಆಡುವುದು ಗೊತ್ತಾಗುತ್ತದೆ. ಸಂಜೀವಣ್ಣನಿಗೆ ನನ್ನ ಬೆರಳು ಗೊತ್ತಾದದ್ದು ಅದು ನನ್ನ ಕಿವಿಯ ಹತ್ತಿರ ಬಂದ ಮೇಲೆ. ಬಲಗಡೆಯೂ ಅಷ್ಟೇ.

ಮರುದಿನ ಮಣಿಪಾಲಕ್ಕೆ ಕರೆಸಿದೆ. ಫೀಲ್ಡ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ದೀಪವನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗಿದಾಗ ಬಟನ್ ಒತ್ತಬೇಕು. ಮಿನುಗು ಕಾಣದ ಜಾಗವನ್ನು ಯಂತ್ರ ಕಪ್ಪಾಗಿ ಮುದ್ರಿಸುತ್ತದೆ. ಸಂಜೀವಣ್ಣನ ಹಾಳೆಯಲ್ಲಿ ನಡುವೆ ಒಂದಿಷ್ಟು ಬಿಳಿ, ಸುತ್ತ ಎಲ್ಲ ಕಪ್ಪು. ವೈದ್ಯರು ಕಣ್ಣಿಗೆ ಹನಿ ಹಾಕಿ ಅಕ್ಷಿಪಟಲ ನೋಡಿ ರೆಟಿನೈಟಿಸ್ ಪಿಗ್ಮೆಂಟೋಸ ಎಂದರು. ವಂಶದಲ್ಲಿ ಬರುವ ಕಾಯಿಲೆ. ಮೊದಲು ಮಬ್ಬುಗತ್ತಲಲ್ಲಿ ಕಾಣಿಸುವುದಿಲ್ಲ. ಆಮೇಲೆ ಬದಿಯ ನೋಟ ವರ್ಷ ವರ್ಷ ಕಿರಿದಾಗುತ್ತ ಬರುತ್ತದೆ. ನಡುವಿನ ನೋಟ ಮಾತ್ರ ಬಹಳ ಕಾಲ ಸಿಕ್ಸ್ ಬೈ ಸಿಕ್ಸ್ ಆಗಿಯೇ ಉಳಿದು ಎಲ್ಲರನ್ನೂ ನಂಬಿಸುತ್ತದೆ. ಹೋದದ್ದನ್ನು ಮರಳಿ ತರುವ ಔಷಧ ಅವರಿಗೆ ನಮ್ಮಲ್ಲಿ ಇರಲಿಲ್ಲ.

ಹಾಳೆ ತೋರಿಸಿದೆ. ಅವರು ಅದನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದರು.

“ಮೇಡಂ, ಈ ಕಪ್ಪು ನಿಮ್ಮ ಮೆಷಿನಿನದ್ದು. ನನಗೆ ಎಲ್ಲಿಯೂ ಕಪ್ಪು ಕಾಣುದಿಲ್ಲ.”

ಸುಳ್ಳು ಹೇಳುತ್ತಿರಲಿಲ್ಲ ಪಾಪ. ಈ ರೋಗದ ಮೋಸವೇ ಅದು. ನಮಗೆ ನಮ್ಮ ತಲೆಯ ಹಿಂದಿನದು ಕಪ್ಪಾಗಿ ಕಾಣುತ್ತದೆಯೇ? ಇಲ್ಲ, ಕಾಣುವುದೇ ಇಲ್ಲ, ಅಷ್ಟೇ. ಹಾಗೆ ಅವರ ಲೋಕದ ಎರಡೂ ಬದಿ ಇಲ್ಲವಾಗಿತ್ತು, ಇಲ್ಲವಾದದ್ದು ಅವರಿಗೆ ತಿಳಿದಿರಲಿಲ್ಲ. ಹಮೀದ್‌ನ ವಿಸಿಲ್‌ಗಳನ್ನು ಬಾಗಿಲಲ್ಲಿ ನಿಂತವನ ಎಂದಿನ ಸಹಾಯ ಎಂದುಕೊಂಡಿದ್ದರು. ಸಂಜೆಯ ಮಬ್ಬಿನಲ್ಲಿ ಕಣ್ಣು ಮಂಜಾಗುವುದು ಗೊತ್ತಿತ್ತು. ಅವರ ಸೋದರಮಾವ ನಡುವಯಸ್ಸಿಗೇ ಕುರುಡಾಗಿ ದೋಣಿ ಬಿಟ್ಟವರು. ಮನೆಯವರು ನಾಗದೋಷ ಎಂದು ಸೇವೆ ಮಾಡಿಸಿದರು, ಕಣ್ಣು ಯಾರೂ ತೋರಿಸಲಿಲ್ಲ. ಸಂಜೀವಣ್ಣ ಎಳೆಯ ವಯಸ್ಸಿನಲ್ಲೇ ಕಡಲ ಕೆಲಸ ಬಿಟ್ಟು ಬಸ್ಸಿಗೆ ಬಂದದ್ದೂ ಅದೇ ಕಾರಣಕ್ಕೆ. “ಕಡಲಲ್ಲಿ ದೀಪ ಇಲ್ಲ, ರಸ್ತೆಯಲ್ಲಿ ಉಂಟಲ್ಲ” ಎಂದರು. ದೋಣಿಯಲ್ಲಿ ಇದ್ದಿದ್ದರೆ ಒಬ್ಬ ಮನುಷ್ಯನಿಗೆ ಅಪಾಯವಿತ್ತು. ಬಸ್ಸಿನಲ್ಲಿ ಐವತ್ತು ಜನ.

ಇನ್ನು ವಾಹನ ಓಡಿಸಬಾರದು ಎಂದು ವೈದ್ಯರು ಹೇಳಿದಾಗ ಅವರು ಆ ಹಾಳೆಯನ್ನು ನಾಲ್ಕಾಗಿ ಮಡಚಿದರು. ಆಮೇಲೆ ನನ್ನತ್ತ ತಿರುಗಿ, “ಸ್ಟೇರಿಂಗ್ ಬಿಟ್ರೆ ನಾನು ಎಂತ, ಮೇಡಂ?” ಎಂದರು. ಬಿಳಿ ಕೋಟು ಹಾಕಿಕೊಂಡವರು ಇಂಥ ಪ್ರಶ್ನೆಗೆ ಗೋಡೆಯ ಗಡಿಯಾರ ನೋಡುತ್ತಾರೆ. ನಾನೂ ನೋಡಿದೆ.

ಹೊರಗೆ ಕಾಯುತ್ತಿದ್ದ ಹಮೀದ್‌ನನ್ನು ಹಿಡಿದು ಚೆನ್ನಾಗಿ ಬೈದೆ. ಗೊತ್ತಿದ್ದೂ ಮುಚ್ಚಿಟ್ಟೆಯಲ್ಲ, ನಿನಗೆ ಜನರ ಜೀವ ಆಟಿಕೆಯೇ ಎಂದೆ. ಅವನು ತಲೆ ತಗ್ಗಿಸಲಿಲ್ಲ.

“ಊರಿಗೆ ಬಂದಾಗ ನನ್ನ ಮನೆಯವರೇ ನನ್ನ ಮುಖ ನೋಡ್ಲಿಲ್ಲ ಅಕ್ಕ. ಸಂಜೀವಣ್ಣ ನೋಡಿದ್ದು. ಅವರಿಗೆ ಕಾಣದ್ದು ನನಗೆ ಕಾಣ್ತದೆ, ಹೇಳಿದ್ರೆ ಆಯ್ತಲ್ವಾ? ಇಷ್ಟು ದಿನ ಒಂದು ನಾಯಿಮರಿಗೆ ಸಹ ತಾಗ್ಲಿಲ್ಲ.”

ಇದು ನಮ್ಮ ಕರಾವಳಿಯ ಬಸ್ಸಿನಲ್ಲಿ ಮಾತ್ರ ಸಾಧ್ಯವಾಗುವ ತಪ್ಪು. ಇಲ್ಲಿ ಯಾವ ಚಾಲಕನೂ ಒಂಟಿಯಾಗಿ ಓಡಿಸುವುದಿಲ್ಲ. ಬಾಗಿಲಲ್ಲಿ ನೇತಾಡುವವನ ವಿಸಿಲ್, ಕೈಸನ್ನೆ, ಹೊರಡೋಣ ಎಂಬರ್ಥದ ‘ರೈಟ್ ಪೋಯಿ’ ಕೂಗು, ಇವುಗಳ ಮೇಲೆಯೇ ಬಸ್ಸು ಓಡುತ್ತದೆ. ಆ ರೂಢಿಯ ಒಳಗೆ ಒಬ್ಬ ಅರೆಗುರುಡ ವರ್ಷಗಟ್ಟಲೆ ಸುಖವಾಗಿ ಅಡಗಿ ಕುಳಿತುಕೊಳ್ಳಬಹುದು. ಸಂಜೀವಣ್ಣನ ಹಾಗೆ ನಿಧಾನ ಸ್ವಭಾವದವರಾದರೆ ಹೊಗಳಿಕೆಯೂ ಸಿಗುತ್ತದೆ.

ಶಿಬಿರ ಧಣಿಯದೇ ಖರ್ಚಿನದು. ಚಾಲಕರು ವಾಹನ ಓಡಿಸಲು ಯೋಗ್ಯರೋ ಅಲ್ಲವೋ ಎಂದು ತಿಳಿಸುವುದು ಶಿಬಿರದ ಕರಾರು, ಚಾಲಕರೂ ಅದಕ್ಕೆ ಒಪ್ಪಿ ಬಂದವರು. ವೈದ್ಯರು ಬರೆದುಕೊಟ್ಟ ವರದಿ ಹಿಡಿದು ನಾನೇ ಕಾರ್ಕಳದಲ್ಲಿದ್ದ ಧಣಿಯ ಆಫೀಸಿಗೆ ಹೋದೆ. ಧಣಿ ಕಾಫಿ ತರಿಸಿದರು, ವರದಿ ಓದಿದರು, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಸಿಕ್ಸ್ ಬೈ ಸಿಕ್ಸ್ ಉಂಟಲ್ಲ ಮೇಡಂ?”

ಬದಿಯ ನೋಟದ ವಿಚಾರ ಹೇಳಿದೆ. ಪೇಪರ್ ಸುರುಳಿ ಸುತ್ತಿ ಕಣ್ಣಿಗೆ ಹಿಡಿದು ನೋಡಿ ಎಂದೆ. ಹಿಡಿದು ನೋಡಿದರು ಸಹ. “ಎದುರಿನದ್ದು ಸರಿ ಕಾಣ್ತದೆ” ಎಂದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅವರು ಕೆಟ್ಟವರಲ್ಲ. ಇದ್ದ ಒಳ್ಳೆಯ ಚಾಲಕರೆಲ್ಲ ಗಲ್ಫ್‌ಗೆ ಹೋಗಿದ್ದರು, ಸಿಗುವವರಲ್ಲಿ ಅರ್ಧ ಜನ ಬೆಳಿಗ್ಗೆಯೇ ವಾಸನೆ ಹೊಡೆಯುವವರು. ಕುಡಿಯದ, ರಜೆ ಹಾಕದ ಚಾಲಕನನ್ನು ಒಂದು ಕಪ್ಪು ಹಾಳೆ ನೋಡಿ ಇಳಿಸಲು ಅವರಿಗೆ ಮನಸ್ಸಿಲ್ಲ. ಕೊನೆಗೆ ದೊಡ್ಡ ಉಪಕಾರ ಮಾಡಿದವರಂತೆ, “ರಾತ್ರಿ ಕಾಣುದಿಲ್ಲ ಅಂತ ಬರೆದಿದ್ದೀರಲ್ವಾ? ಸಂಜೆ ಟ್ರಿಪ್ ತೆಗೀತೇನೆ. ಹಗಲು ಮಾತ್ರ ಓಡಿಸ್ಲಿ” ಎಂದರು. ಇರುಳುಗಣ್ಣು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಡುಮಧ್ಯಾಹ್ನ ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಲೈಸೆನ್ಸ್ ನೋಡಿಕೊಳ್ಳುವ ಕಚೇರಿಗೂ ವೈದ್ಯರ ಸಹಿಯೊಂದಿಗೆ ಬರೆದೆವು. ಅಷ್ಟರಲ್ಲಿ ಸಂಜೀವಣ್ಣ ಬೇರೊಂದು ಊರಿನಲ್ಲಿ ಯಾರೋ ವೈದ್ಯರ ಬಳಿ ಹೋಗಿ ಹೊಸ ಸರ್ಟಿಫಿಕೇಟ್ ತಂದಾಗಿತ್ತು. ಅದಕ್ಕೆ ಅವರು ಲಂಚ ಕೊಡಬೇಕಾಗಿರಲಿಲ್ಲ, ಮೋಸ ಮಾಡಬೇಕಾಗಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಪ್ರಾಮಾಣಿಕವಾಗಿ ಕೊನೆಯ ಸಾಲಿನವರೆಗೆ ಓದಿದರು. ರಾತ್ರಿ ಕಣ್ಣು ಕಾಣುತ್ತದೆಯೇ ಎಂದು ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಹೌದು ಎಂದರು. ಎರಡು ಸರ್ಟಿಫಿಕೇಟ್ ಎದುರಿದ್ದಾಗ ಚಾಲಕನಿಗೆ ಅನುಕೂಲವಾದದ್ದನ್ನು ಒಪ್ಪುವುದು ಸುಲಭ. ಮುಂದಿನ ನವೀಕರಣದಲ್ಲಿ ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ನನ್ನ ಮೈ ಉರಿದುಹೋಯಿತು.

ನಾನು ಆ ಬಸ್ಸು ಹತ್ತುವುದನ್ನು ಬಿಟ್ಟೆ. ಸಂಜೀವಣ್ಣ ಹೊರಟು ಹೋಗುವವರೆಗೆ ಬೆಳ್ಮಣ್‌ನ ನಿಲ್ದಾಣದಲ್ಲಿ ನಿಂತು ಆಮೇಲಿನ ಬಸ್ಸು ಹತ್ತುತ್ತಿದ್ದೆ. ಉಳಿದವರಿಗೂ ಹೇಳಿದೆ. ಹಳೆಯ ಸಹಪ್ರಯಾಣಿಕರು ನನ್ನನ್ನೇ ವಿಚಿತ್ರವಾಗಿ ನೋಡಿದರು. “ಅಷ್ಟು ಒಳ್ಳೆ ಡ್ರೈವರ್ ಮಾರಾಯ್ರೆ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?” ಎಂದು ಬ್ಯಾಂಕಿಗೆ ಹೋಗುವ ಒಬ್ಬರು ಕೇಳಿದರು. ಹಮೀದ್ ಫುಟ್‌ಬೋರ್ಡಿನಿಂದ ನನ್ನನ್ನು ನೋಡಿ ನಮಸ್ಕಾರ ಮಾಡುವುದನ್ನು ಬಿಡಲಿಲ್ಲ. ಅದು ನನಗೆ ಚುಚ್ಚುತ್ತಿತ್ತು.

ಹೀಗೆ ಬೇಸಿಗೆ ಬಂತು. ಮುಂದಿನದನ್ನು ನಾನು ಕಂಡಿಲ್ಲ, ಆಮೇಲೆ ಹಮೀದ್‌ನಿಂದ ಕೇಳಿದ್ದು. ಒಂದು ಬೆಳಿಗ್ಗೆ, ಸೂರ್ಯ ನೆತ್ತಿಗೇರುತ್ತಿದ್ದ ಹೊತ್ತು, ಕಾಪುವಿನಲ್ಲಿ ಬಸ್ಸು ನಿಂತಿತು. ಒಬ್ಬ ಮುದುಕಿ ತೆಂಗಿನಕಾಯಿ ಚೀಲದೊಂದಿಗೆ ಮುಂದಿನ ಬಾಗಿಲಿನಿಂದ ಇಳಿದಳು. ಚೀಲದ ಬಾಯಿ ಬಿಚ್ಚಿ ಕಾಯಿಗಳು ಬಸ್ಸಿನ ಮುಂದಕ್ಕೆ ಉರುಳಿದವು. ಹಮೀದ್ ಇಳಿದು ಓಡಿಹೋಗಿ ಆರಿಸಿಕೊಂಡ. ಎದೆಗೆ ಅವುಚಿಕೊಂಡಷ್ಟು ಕಾಯಿ ತುಂಬಿಕೊಂಡು ಎದ್ದು ನಿಂತ. ಬಗ್ಗಿರಲಿಲ್ಲ, ಅಡಗಿರಲಿಲ್ಲ, ಬಸ್ಸಿನ ಎಡಮುಂಭಾಗದಲ್ಲಿ ನೆಟ್ಟಗೆ ನಿಂತಿದ್ದ. ಹಿಂದಿನ ಬಾಗಿಲಿಗೆ ಹೊಸದಾಗಿ ಬಂದಿದ್ದ ಕಂಡಕ್ಟರ್ ತನ್ನ ಕಡೆಯ ಜನ ಹತ್ತಿದ್ದು ನೋಡಿ ಎಂದಿನಂತೆ ಎರಡು ವಿಸಿಲ್ ಊದಿದ. ಅವನಿಗೆ ಸಂಜೀವಣ್ಣನ ಕಣ್ಣಿನ ವಿಚಾರ ಗೊತ್ತಿಲ್ಲ. ಕಣ್ಣಂಚಿನ ನೋಟ ಇರುವ ಯಾವ ಚಾಲಕನೂ ಗಾಜಿನ ಎಡಭಾಗದಲ್ಲಿ ನಿಂತ ಮನುಷ್ಯನನ್ನು ಕಂಡು ಬ್ರೇಕ್ ಒತ್ತಿಯೇ ಇರುತ್ತಿದ್ದ. ಸಂಜೀವಣ್ಣ ಬಸ್ಸು ಹೊರಡಿಸಿದರು. ಎಡಗಡೆ ಯಾರೋ ಇದ್ದಾರೆ ಎಂದು ಊದಬೇಕಾದ ವಿಸಿಲ್ ಹಮೀದ್‌ನ ಕುತ್ತಿಗೆಯಲ್ಲಿತ್ತು. ಅವನ ಎರಡೂ ಕೈಯಲ್ಲಿ ತೆಂಗಿನಕಾಯಿ.

ಅವನನ್ನು ನಮ್ಮ ಆಸ್ಪತ್ರೆಗೇ ತಂದರು. ಜೀವ ಉಳಿಯಿತು, ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ನಾನು ವಾರ್ಡಿಗೆ ಹೋಗುವ ಹೊತ್ತಿಗೆ ಅವನು ಪೊಲೀಸರಿಗೆ ಹೇಳಿಕೆ ಕೊಟ್ಟಾಗಿತ್ತು: ಬಸ್ಸು ಹೊರಟ ಮೇಲೆ ಓಡಿ ಹತ್ತಲು ಹೋಗಿ ನಾನೇ ಜಾರಿಬಿದ್ದೆ, ಚಾಲಕರ ತಪ್ಪಿಲ್ಲ. ಮುದುಕಿ ಗಾಬರಿಯಲ್ಲಿ ಏನೂ ಸರಿಯಾಗಿ ಹೇಳಲಿಲ್ಲ. ನಮ್ಮ ವರದಿಯನ್ನು ಪೊಲೀಸರಿಗೆ ಕೊಟ್ಟ ಮೇಲೆ ಸಂಜೀವಣ್ಣನ ಕಣ್ಣನ್ನು ಮತ್ತೆ ಎಲ್ಲೋ ಪರೀಕ್ಷಿಸಿದರಂತೆ. ಫಲಿತಾಂಶ ನಾನು ಬರೆಯಬೇಕಾಗಿಲ್ಲ, ನಿಮಗೇ ಗೊತ್ತು.

“ಯಾಕೆ ಹಾಗೆ ಹೇಳಿದೆ?” ಎಂದು ಕೇಳಿದೆ.

“ಕಾಲು ಹೋಯ್ತು, ಇನ್ನು ಬರುದಿಲ್ಲ. ಅವರನ್ನು ಸಹ ಜೈಲಿಗೆ ಹಾಕ್ಬೇಕಾ?” ಎಂದ. “ಅವರಿಗೂ ಹಾಗೇ ಹೇಳಿದ್ದೇನೆ. ಜಾರಿದ್ದು ಅಂತ. ಗೊತ್ತಾದ್ರೆ ಅವರು ಬದುಕುದಿಲ್ಲ ಅಕ್ಕ. ಇನ್ನು ಹೆದರಿ ಅವರೇ ಬಸ್ ಬಿಡ್ತಾರೆ, ನೀವು ನೋಡಿ.”

ಬಿಡಲಿಲ್ಲ. ಯಾಕೆ ಬಿಡಬೇಕು? ಗೆಳೆಯ ತಾನಾಗಿ ಜಾರಿಬಿದ್ದ, ಕಣ್ಣು ಸಿಕ್ಸ್ ಬೈ ಸಿಕ್ಸ್, ಪೊಲೀಸರೂ ತಪ್ಪಿಲ್ಲ ಎಂದರು. ಕೆಲವು ವಾರ ಮನೆಯಲ್ಲಿ ಕುಳಿತು, ಹಮೀದ್‌ನ ಹೆಸರಿನಲ್ಲಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಸಂಜೀವಣ್ಣ ಮತ್ತೆ ಅದೇ ಬಸ್ಸು ಹತ್ತಿದರು. ಮುಂದಿನ ಬಾಗಿಲಿಗೆ ಬೇರೊಬ್ಬ ಬಂದಿದ್ದ. ಅವನು ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಅಷ್ಟೇ. ಬೆಳ್ಮಣ್‌ನಲ್ಲಿ ನಿಂತು ಆ ಬಸ್ಸು ಸದ್ದಿಲ್ಲದೆ ಹೋಗುವುದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮೊದಲು ವಿಸಿಲ್ ಕೇಳಿ ಕಿರಿಕಿರಿಪಟ್ಟವಳು, ಈಗ ಅದು ಕೇಳದೆ ಹೆದರಿದೆ.

ಹಮೀದ್‌ಗೂ ಸುದ್ದಿ ಮುಟ್ಟಿತು. ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದ. ಧಣಿಗೆ ನಿಜ ಹೇಳಲು ಹೋಗಿದ್ದನಂತೆ. ‘ಜಾರಿಬಿದ್ದೆ ಅಂತ ನೀನೇ ಹೇಳಿದ್ದಲ್ವಾ? ಈಗ ಎಂತ ಹೊಸ ಕಥೆ?’ ಎಂದು ಅವರು ಕೇಳಿದರಂತೆ. ಒಳ್ಳೆಯದಕ್ಕೆಂದು ಹೇಳಿದ ಸುಳ್ಳು ಎಷ್ಟು ಗಟ್ಟಿ ಎಂದು ಅವನಿಗೆ ಆಗ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನ ಕಾಲು ನೋಡಿ ನುಂಗಿಕೊಂಡೆ.

“ಧಣಿಗೆ ಕಾಗದ ತೋರಿಸಿದ್ದು ಸಾಕು ಅಕ್ಕ,” ಎಂದ. “ನನ್ನನ್ನು ತೋರಿಸುವ.”

ಕಾರ್ಕಳದ ಹೊರಗೆ ಧಣಿಯ ಬಸ್ಸುಗಳು ನಿಲ್ಲುವ ಶೆಡ್ ಇದೆ. ಮಧ್ಯಾಹ್ನದ ವಿರಾಮದಲ್ಲಿ ಸಂಜೀವಣ್ಣ ಬಸ್ಸನ್ನು ಅಲ್ಲಿಗೆ ತರುತ್ತಿದ್ದರು. ಧಣಿಯ ಕಾಲು ಕೈ ಹಿಡಿದು ಒಂದೇ ಒಂದು ಸಲ ನೀವೇ ನೋಡಿ ಎಂದು ಒಪ್ಪಿಸಿದೆ. ಹೊರಡುವ ಹೊತ್ತಿಗೆ ಸಂಜೀವಣ್ಣ ಚಾಲಕನ ಸೀಟಿನಲ್ಲಿ ಕುಳಿತು ಇಂಜಿನ್ ಚಾಲೂ ಮಾಡಿದರು. ಧಣಿ ಅವರ ಕಿಟಕಿಯ ಕೆಳಗೆ ಬಂದು ನಿಂತರು, ನಾನು ಅವರ ಹಿಂದೆ. ಇಂಜಿನ್ನಿನ ಸದ್ದಿನಲ್ಲಿ ಹಮೀದ್ ಶೆಡ್ಡಿನ ಗೋಡೆಯ ಮರೆಯಿಂದ ಹೊರಬಂದ. ಬಸ್ಸಿನ ಎಡಮುಂಭಾಗಕ್ಕೆ ನಡೆದು, ಕಾಪುವಿನಲ್ಲಿ ಅವತ್ತು ನಿಂತಿದ್ದಂತೆಯೇ ನಿಂತ. ಗಾಜಿಗೂ ಅವನಿಗೂ ನಡುವೆ ಬಿಸಿಲು ಬಿಟ್ಟರೆ ಬೇರೇನಿರಲಿಲ್ಲ.

“ಹಮೀದ್ ಬರ್ತೇನೆ ಅಂದಿದ್ದ,” ಎಂದರು ಧಣಿ. ಅವರ ಸ್ವರ ಆಗಲೇ ಬದಲಾಗಿತ್ತು. “ಬಂದನಾ ಸಂಜೀವ?”

ಸಂಜೀವಣ್ಣ ಎದುರಿನ ಗೇಟು ನೋಡಿದರು. “ಇಲ್ಲ ಧಣಿ, ಬರ್ಲಿಲ್ಲ.”

“ಬರ್ಲಿಲ್ವಾ?”

“ಬಂದಿದ್ರೆ ವಿಸಿಲ್ ಹಾಕ್ತಿದ್ದ ಅಲ್ವಾ?” ಎಂದು ಅವರು ನಕ್ಕರು.

ಧಣಿ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಮೀದ್ ಅಳುತ್ತಿದ್ದ. ಒಂದು ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು, ಕುತ್ತಿಗೆಯಲ್ಲಿದ್ದ ವಿಸಿಲ್ ಬಾಯಿಗಿಟ್ಟು ಊದಿದ. ಚಿಕ್ಕದು, ಒಂದೇ ಸಲ. ಎಡಕ್ಕೆ.

ಸಂಜೀವಣ್ಣನ ತಲೆ ತಾನಾಗಿ ಎಡಕ್ಕೆ ತಿರುಗಿತು. ನೋಡಿದರು. ಆಮೇಲೆ ಇಂಜಿನ್ ಆಫ್ ಮಾಡಿದರು.

“ಹಮೀದ್, ಅವತ್ತು ಸಹ ನೀನು ಅಲ್ಲೇ ನಿಂತದ್ದಾ?” ಎಂದು ಕೇಳಿದರು.

ಸಂಜೀವಣ್ಣ ಕೀಲಿ ತೆಗೆದು ಧಣಿಯ ಕೈಗೆ ಕೊಟ್ಟು, ಬಾಗಿಲು ತಡವಿ ಕೆಳಗಿಳಿದರು. ನನ್ನ ಪಕ್ಕದಿಂದಲೇ ಹೋದರು. ನನ್ನನ್ನು ಕಂಡರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವರು ನನ್ನೊಡನೆ ಮಾತಾಡಿಲ್ಲ. ಕಾಪುವಿನ ಮನೆಯಲ್ಲಿ ಬಲೆ ಹೆಣೆಯುತ್ತಾರೆ ಎಂದು ಕೇಳಿದ್ದೇನೆ. ಹಮೀದ್ ಪಡುಬಿದ್ರಿಯಲ್ಲಿ ಮೊಬೈಲ್ ರೀಚಾರ್ಜ್ ಮಾಡುವ ಗೂಡಂಗಡಿ ಇಟ್ಟಿದ್ದಾನೆ. ಇಬ್ಬರೂ ಭೇಟಿಯಾಗುವುದಿಲ್ಲವಂತೆ. ತಪ್ಪು ಮಾಡಿದವನಿಗಿಂತ ಅದನ್ನು ಮುಚ್ಚಿಟ್ಟವನನ್ನು ಕ್ಷಮಿಸುವುದು ಕಷ್ಟ ಇರಬೇಕು.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಏನು ಕಾಣುತ್ತದೆ ಎಂದು ಕೇಳಿದರೆ ಮನುಷ್ಯ ನಿಜ ಹೇಳುತ್ತಾನೆ. ಏನು ಕಾಣುವುದಿಲ್ಲ ಎಂಬುದು ಅವನಿಗೇ ಗೊತ್ತಿರುವುದಿಲ್ಲ, ಅದನ್ನು ಪಕ್ಕದಲ್ಲಿ ನಿಂತವರು ಹೇಳಬೇಕು. ಪಕ್ಕದವರು ಪ್ರೀತಿಯಿಂದ ಬಾಯಿ ಮುಚ್ಚಿಕೊಂಡರೆ ಯಾವ ಚಾರ್ಟ್, ಯಾವ ಯಂತ್ರ, ಯಾವ ವರದಿಯಿಂದಲೂ ಪ್ರಯೋಜನವಿಲ್ಲ. ನಾವು ಅಳೆದು ಬರೆದುಕೊಟ್ಟದ್ದನ್ನು ನಂಬದ ಊರು, ಒಬ್ಬನ ಕಾಲು ಹೋದ ಮೇಲೆ ನಂಬಿತು. ಇದರಲ್ಲಿ ನನಗೆ ಗೆದ್ದ ಸಮಾಧಾನ ಎಳ್ಳಷ್ಟೂ ಇಲ್ಲ.

ಸಂಜೀವಣ್ಣ ಕೀಲಿ ಕೊಟ್ಟ ಆ ದಿನ ಸಂಜೆ ಕಾರ್ಕಳದಿಂದ ಬೆಳ್ಮಣ್‌ಗೆ ಅದೇ ಬಸ್ಸಿನಲ್ಲಿ ಬಂದೆ. ಧಣಿ ಎಲ್ಲಿಂದಲೋ ಒಬ್ಬ ಹೊಸ ಚಾಲಕನನ್ನು ಹಿಡಿದು ಕೂರಿಸಿದ್ದರು. ನಾನು ಮುಂದಿನ ಸೀಟಿನಲ್ಲಿ ಕುಳಿತು, ದಾರಿಯುದ್ದಕ್ಕೂ ರಸ್ತೆ ನೋಡದೆ ಅವನ ಕಣ್ಣನ್ನೇ ನೋಡುತ್ತ ಬಂದೆ. ಇಳಿಯುವಾಗ ತಡೆಯಲಾಗಲಿಲ್ಲ, ಕಣ್ಣು ತೋರಿಸಿದ್ದೀಯಾ ಎಂದು ಕೇಳಿದೆ.

“ಹೋ, ಸಿಕ್ಸ್ ಬೈ ಸಿಕ್ಸ್ ಉಂಟು ಮೇಡಂ,” ಎಂದ.